ಮೊಲ್ಸೈಮ್‌ನ ಯಜಮಾನ ಎಟ್ಟೋರೆ ಬುಗಾಟಿ

ಫ್ರಾನ್ಸ್ ದೇಶದ ಪೂರ್ವ ಗಡಿಗೆ ಹೊಂದಿಕೊಂಡ ಅಲ್ಸಾಸ್ ಪ್ರಾಂತ್ಯದಲ್ಲಿ, ಸ್ಟ್ರಾಸ್‌ಬುರ್ಗ್ ನಗರಕ್ಕೆ ಅನತಿ ದೂರದಲ್ಲಿ ಮೊಲ್ಸೈಮ್ ಎಂಬ ಪುಟ್ಟ ಊರಿದೆ. ಸುತ್ತಲೂ ದ್ರಾಕ್ಷಿ ತೋಟಗಳು, ಹಿಂದೆ ವೋಜ್ ಬೆಟ್ಟಸಾಲು. ಊರಿನ ಅಂಚಿನ ಹಳೆಯ ಕಾರ್ಖಾನೆಯ ಆವರಣದಲ್ಲಿ ಈಗ ವಿಮಾನಗಳ ಗಾಲಿಗಳೂ ಬ್ರೇಕುಗಳೂ ತಯಾರಾಗುತ್ತವೆ. ಒಂದು ಕಾಲದಲ್ಲಿ ಇದೇ ಆವರಣದಿಂದ ನೀಲಿ ಬಣ್ಣದ ಪುಟ್ಟ ರೇಸ್ ಕಾರುಗಳು ಹೊರಟು ಯೂರೋಪಿನ ಪಂದ್ಯಗಳನ್ನೆಲ್ಲ ಸೂರೆ ಮಾಡುತ್ತಿದ್ದವು. ಅವುಗಳ ಜನಕ ಎಟ್ಟೋರೆ ಬುಗಾಟಿ. ಆತನ ಹೆಸರು ಇಂದಿಗೂ ಕಾರುಗಳ ಮೂತಿಯ ಮೇಲಿದೆ. ಆದರೆ ಆತ ಕೊನೆಯವರೆಗೂ ಹೋರಾಡಿದ್ದು ಕಾರಿಗಾಗಿ ಅಲ್ಲ, ಈ ಕಟ್ಟಡಕ್ಕಾಗಿ.

ಎಟ್ಟೋರೆ ಜನಿಸಿದ್ದು 1881ರ ಸೆಪ್ಟೆಂಬರ್ 15ರಂದು, ಇಟಲಿಯ ಮಿಲಾನ್ ನಗರದಲ್ಲಿ. ಮನೆತನವೆಲ್ಲ ಕಲಾವಿದರದು. ತಂದೆ ಕಾರ್ಲೋ ಬುಗಾಟಿ ಪೀಠೋಪಕರಣಗಳ ವಿನ್ಯಾಸದಲ್ಲಿ ಯೂರೋಪಿನಾದ್ಯಂತ ಹೆಸರಾದವನು. ಸೋದರತ್ತೆಯ ಸಂಗಾತಿ ಪ್ರಸಿದ್ಧ ಚಿತ್ರಕಾರ ಜೊವಾನ್ನಿ ಸೆಗಾಂತೀನಿ. ಎಟ್ಟೋರೆಯೂ ಶಿಲ್ಪಿಯಾಗಲೆಂದೇ ಕಲಾಶಾಲೆ ಸೇರಿದ. ಆದರೆ ತಮ್ಮ ರೆಂಬ್ರಾಂಟ್‌ನ ಕೈಯಲ್ಲಿ ಜೇಡಿಮಣ್ಣು ಪ್ರಾಣಿಗಳಾಗಿ ಜೀವ ತಳೆಯುತ್ತಿದ್ದುದನ್ನು ಕಂಡ ಅಣ್ಣನಿಗೆ ತನ್ನ ದಾರಿ ಅದಲ್ಲವೆಂದು ಹೊಳೆಯಿತು. ಹದಿಹರೆಯದಲ್ಲೇ ಸೈಕಲ್ ತಯಾರಿಸುವ ಪ್ರಿನೆಟ್ಟಿ ಮತ್ತು ಸ್ಟುಕ್ಕಿ ಕಂಪನಿಗೆ ಕೆಲಸ ಕಲಿಯಲು ಹೋದ. ಇಂಜಿನಿಯರಿಂಗ್ ಪದವಿಯ ಗೊಡವೆಗೆ ಆತ ಎಂದೂ ಹೋಗಲಿಲ್ಲ. ಯಂತ್ರವೊಂದನ್ನು ನೋಡಿದರೆ ಅದು ಕಣ್ಣಿಗೆ ಹಿತವಾಗಿರಬೇಕು, ಹಿತವಾಗಿಲ್ಲದಿದ್ದರೆ ಎಲ್ಲೋ ತಪ್ಪಿದೆ ಎಂಬುದು ಆತನ ನಂಬಿಕೆಯಾಗಿತ್ತು. ಈ ನಂಬಿಕೆ ಆತನನ್ನು ಎತ್ತರಕ್ಕೆ ಏರಿಸಿತು, ಕೆಲವೊಮ್ಮೆ ಎಡವಿಸಿತು ಕೂಡ.

1901ರಲ್ಲಿ ಮಿಲಾನ್ ಪ್ರದರ್ಶನದಲ್ಲಿ ಆತ ರೂಪಿಸಿದ ಕಾರಿಗೆ ಬಹುಮಾನ ಬಂತು. ಅದನ್ನು ಕಂಡ ಅಲ್ಸಾಸಿನ ಡಿ ಡೀಟ್ರಿಶ್ ಕಂಪನಿ ಕರೆದು ಕೆಲಸ ಕೊಟ್ಟಿತು. ಆಗಿನ್ನೂ ಹುಡುಗನಿಗೆ ಇಪ್ಪತ್ತೊಂದು ತುಂಬಿರಲಿಲ್ಲ. ಹೀಗಾಗಿ ಕರಾರುಪತ್ರಕ್ಕೆ ಸಹಿ ಹಾಕಿದವನು ತಂದೆ ಕಾರ್ಲೋ. ಮುಂದೆ ಸ್ಟ್ರಾಸ್‌ಬುರ್ಗ್‌ನಲ್ಲಿ ಎಮಿಲ್ ಮಾಥಿಸ್ ಜೊತೆಗೆ, ಬಳಿಕ ಕಲೋನ್ ನಗರದ ಡಾಯ್ಟ್ಸ್ ಕಂಪನಿಯಲ್ಲಿ ದುಡಿಮೆ. ಅನ್ಯರಿಗಾಗಿ ಭಾರಿ ಕಾರುಗಳನ್ನು ರೂಪಿಸುತ್ತಿದ್ದ ಎಟ್ಟೋರೆ, ಕಲೋನ್‌ನ ತನ್ನ ಮನೆಯ ನೆಲಮಾಳಿಗೆಯಲ್ಲಿ ತನಗಾಗಿ ಹಗುರಾದ ಪುಟ್ಟ ಕಾರೊಂದನ್ನು ಕಟ್ಟಿದ. ಅಪ್ಪಟ ತಳಿಯ ಕುದುರೆಗೆ ಹೇಳುವ ಫ್ರೆಂಚ್ ಮಾತು ‘ಪುರ್ ಸಾಂ’. ಈ ಕಾರಿಗೂ ಅದೇ ಹೆಸರಾಯಿತು. ಕುದುರೆಯೆಂದರೆ ಆತನಿಗೆ ಪ್ರಾಣ.

1909ರ ಕೊನೆಯಲ್ಲಿ ಆ ಪುಟ್ಟ ಕಾರನ್ನು ನೆಚ್ಚಿಕೊಂಡು ಎಟ್ಟೋರೆ ಸ್ವಂತ ಉದ್ಯಮಕ್ಕೆ ಇಳಿದ. ಮೊಲ್ಸೈಮ್ ಪಕ್ಕದ ಡೋರ್ಲಿಸೈಮ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಮುಚ್ಚಿ ಪಾಳುಬಿದ್ದಿತ್ತು. ಅದನ್ನೇ ಬಾಡಿಗೆಗೆ ಹಿಡಿದ. ಬ್ಯಾಂಕಿನ ಸಾಲ, ಸ್ಪೇನ್ ಮೂಲದ ಹಣಕಾಸುಗಾರ ವಿಸ್ಕಾಯಾನ ನೆರವು, ಮೆಕ್ಯಾನಿಕ್ ಎರ್ನೆಸ್ಟ್ ಫ್ರೀಡೆರಿಶ್‌ನ ಹೆಗಲು. ಆ ಹೊತ್ತಿನಲ್ಲಿ ಅಲ್ಸಾಸ್ ಇದ್ದದ್ದು ಜರ್ಮನಿಯ ಆಳ್ವಿಕೆಯಲ್ಲಿ. ಇಟಲಿಯವನೊಬ್ಬ ಜರ್ಮನ್ ನೆಲದಲ್ಲಿ ಫ್ರೆಂಚ್ ಮನಸ್ಸಿನ ಜನರ ನಡುವೆ ಕಾರ್ಖಾನೆ ತೆರೆದನೆಂಬುದು ಅಂದು ಯಾರಿಗೂ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಮೂವತ್ತೈದು ವರ್ಷಗಳ ನಂತರ ಅದೇ ದೊಡ್ಡ ಸಂಗತಿಯಾಯಿತು.

1910ರಲ್ಲಿ ಹೊರಬಂದ ಕಾರುಗಳು ಐದೇ ಐದು. ಮರುವರ್ಷ ಲೆ ಮಾನ್‌ನಲ್ಲಿ ನಡೆದ ಪಂದ್ಯದಲ್ಲಿ ಫ್ರೀಡೆರಿಶ್ ಓಡಿಸಿದ ಟೈಪ್ 13 ಕಾರು ಎರಡನೆಯ ಸ್ಥಾನ ಗಳಿಸಿತು. ಗೆದ್ದ ಫಿಯಟ್‌ನ ಇಂಜಿನ್ 10 ಲೀಟರಿನದು; ಬುಗಾಟಿಯದು ಒಂದೂವರೆ ಲೀಟರಿಗೂ ಕಡಿಮೆ. ಆನೆಯ ಬೆನ್ನಿಗೆ ಬಿದ್ದ ಇಲಿಯಂತಿದ್ದ ಈ ಕಾರನ್ನು ಕಂಡು ನೆರೆದವರು ಬೆರಗಾದರು.

1914ರಲ್ಲಿ ಮಹಾಯುದ್ಧ ಆರಂಭವಾದೊಡನೆ ಕಾರ್ಖಾನೆ ಮೊದಲ ಬಾರಿ ಕೈತಪ್ಪಿತು. ಸಿದ್ಧವಾಗಿದ್ದ ಎರಡು ರೇಸ್ ಕಾರುಗಳೊಂದಿಗೆ ಎಟ್ಟೋರೆ ಮಿಲಾನ್‌ಗೆ ಹೊರಟುಹೋದ. ಉಳಿದ ಮೂರರ ಬಿಡಿಭಾಗಗಳನ್ನು ಕಾರ್ಖಾನೆಯ ಬಳಿ ನೆಲದಲ್ಲಿ ಹೂತಿಡಲಾಯಿತು. ಪ್ಯಾರಿಸ್‌ನಲ್ಲಿ ಆತ ವಿಮಾನದ ಇಂಜಿನ್‌ಗಳ ವಿನ್ಯಾಸದಲ್ಲಿ ತೊಡಗಿದ್ದ ಅವಧಿಯಲ್ಲೇ, 1916ರ ಜನವರಿಯಲ್ಲಿ, ತಮ್ಮ ರೆಂಬ್ರಾಂಟ್ ಆತ್ಮಹತ್ಯೆ ಮಾಡಿಕೊಂಡ. ಆತ ಮಾಡಿದ್ದ ಹಿಂಗಾಲ ಮೇಲೆ ನಿಂತ ಆನೆಯ ಪುಟ್ಟ ಪ್ರತಿಮೆ ಮುಂದೆ ಅಣ್ಣನ ಅತ್ಯಂತ ದುಬಾರಿ ಕಾರಾದ ರೊಯಾಲ್‌ನ ಮುಂಭಾಗವನ್ನು ಏರಿ ನಿಂತಿತು.

ಯುದ್ಧ ಮುಗಿದಾಗ ಅಲ್ಸಾಸ್ ಫ್ರಾನ್ಸಿಗೆ ಮರಳಿತ್ತು. ಎಟ್ಟೋರೆಯೂ ಮೊಲ್ಸೈಮ್‌ಗೆ ಮರಳಿದ, ಹೂತಿಟ್ಟ ಭಾಗಗಳನ್ನು ಅಗೆದು ತೆಗೆದು ಕಾರುಗಳನ್ನು ಜೋಡಿಸಿದ. 1920ರಲ್ಲಿ ಲೆ ಮಾನ್‌ನಲ್ಲಿ ಜಯ. 1921ರಲ್ಲಿ ಇಟಲಿಯ ಬ್ರೆಶಿಯಾದಲ್ಲಿ ಮೊದಲ ನಾಲ್ಕೂ ಸ್ಥಾನಗಳು ಬುಗಾಟಿಯ ಪಾಲಾದವು. 1924ರಲ್ಲಿ ಲಿಯೊನ್ ಪಂದ್ಯಕ್ಕೆ ಟೈಪ್ 35 ಬಂತು. ಟೈರುಗಳು ಕೈಕೊಟ್ಟು ಆ ದಿನ ಸೋತರೂ, ಕುದುರೆ ಲಾಳದ ಆಕಾರದ ಮೂತಿ, ಅಲ್ಯೂಮಿನಿಯಂ ಗಾಲಿಗಳ ಆ ಕಾರನ್ನು ನೋಡಿದವರು ಮರೆಯಲಿಲ್ಲ. ಸಿಸಿಲಿಯ ಟಾರ್ಗಾ ಫ್ಲೋರಿಯೊ ಪಂದ್ಯವನ್ನು ಬುಗಾಟಿ 1925ರಿಂದ 1929ರವರೆಗೆ ಸತತ ಐದು ಬಾರಿ ಗೆದ್ದಿತು. 1929ರ ಮೊಟ್ಟಮೊದಲ ಮೊನಾಕೊ ಗ್ರ್ಯಾನ್ ಪ್ರಿ ಕೂಡ ಅದರದೇ. ಅಂದು ಗೆದ್ದ ವಿಲಿಯಂ ಗ್ರೋವರ್ ವಿಲಿಯಮ್ಸ್ ಮುಂದೆ ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತಚರನಾಗಿ ಸೆರೆಸಿಕ್ಕು ಪ್ರಾಣ ತೆತ್ತ.

ಮೊಲ್ಸೈಮ್ ಈ ಹೊತ್ತಿಗೆ ಬರೀ ಕಾರ್ಖಾನೆಯಾಗಿ ಉಳಿದಿರಲಿಲ್ಲ, ಒಂದು ಪುಟ್ಟ ಸಂಸ್ಥಾನವೇ ಆಗಿತ್ತು. ಓಕ್ ಮರದ ದೊಡ್ಡ ಬಾಗಿಲುಗಳು, ಅವಕ್ಕೆ ಥಳಥಳಿಸುವ ಹಿತ್ತಾಳೆಯ ಚಿಲಕಗಳು. ಕುದುರೆಲಾಯ, ಸವಾರಿ ಅಂಗಳ, ಕಾರು ಕೊಳ್ಳಲು ಬಂದವರು ತಂಗಲು ಸ್ವಂತದ ಅತಿಥಿಗೃಹ. ಕೆಲಸಗಾರರು ಬಳಸುವ ಹಿಡಿಕೆಯಂತ್ರಗಳೂ ಯಜಮಾನನೇ ವಿನ್ಯಾಸ ಮಾಡಿ ಅಲ್ಲೇ ತಯಾರಿಸಿದವು. ನೆಲದ ಮೇಲೆ ಎಣ್ಣೆಯ ಕಲೆ ಕಂಡರೆ ಆತ ಸಹಿಸುತ್ತಿರಲಿಲ್ಲ. ಗುಂಡು ಟೋಪಿ ಧರಿಸಿ ಸೈಕಲ್ ಏರಿಯೋ ಕುದುರೆ ಏರಿಯೋ ಶೆಡ್ಡಿನಿಂದ ಶೆಡ್ಡಿಗೆ ಸುತ್ತುತ್ತಿದ್ದ. ಮುಂದೆ ಇದಕ್ಕೆಂದೇ ಬ್ಯಾಟರಿಯಿಂದ ಓಡುವ ಪುಟ್ಟ ಬಂಡಿಯನ್ನೂ ಮಾಡಿಸಿಕೊಂಡ. ಎಲ್ಲರೂ ಆತನನ್ನು ಕರೆಯುತ್ತಿದ್ದುದು ಯಜಮಾನ ಎಂಬರ್ಥದ ‘ಲೆ ಪತ್ರೋಂ’ ಎಂದೇ. ಕಾರ್ಖಾನೆಯ ಪಕ್ಕದ, 1857ರಲ್ಲಿ ಕಟ್ಟಿದ ಸೇಂಟ್ ಜಾನ್ ಬಂಗಲೆಯನ್ನು 1928ರಲ್ಲಿ ಕೊಂಡು ಅತಿಥಿಗಳ ಸತ್ಕಾರಕ್ಕೆ ಮೀಸಲಿಟ್ಟ. ಕಿರಿಯ ಮಗ ರೋಲಾಂಡ್‌ಗೆ ಆಟವಾಡಲೆಂದು ಟೈಪ್ 35ರ ಅರ್ಧ ಗಾತ್ರದ, ಬ್ಯಾಟರಿಯಿಂದ ಓಡುವ ಕಾರು ಮಾಡಿಕೊಟ್ಟಾಗ, ಬಂದ ಶ್ರೀಮಂತ ಗಿರಾಕಿಗಳು ತಮ್ಮ ಮಕ್ಕಳಿಗೂ ಬೇಕೆಂದು ದುಂಬಾಲು ಬಿದ್ದರು. ಅದೂ ಮಾರಾಟಕ್ಕೆ ಬಂತು.

ಇಷ್ಟು ಅಚ್ಚುಕಟ್ಟಿನ ಮನುಷ್ಯನಿಗೆ ಲೆಕ್ಕದ ಪುಸ್ತಕ ಮಾತ್ರ ಒಗ್ಗಲಿಲ್ಲ ಎನ್ನಬೇಕು. ರಾಜಮಹಾರಾಜರಿಗೆಂದೇ ಸುಮಾರು 12.7 ಲೀಟರ್ ಇಂಜಿನ್ನಿನ ರೊಯಾಲ್ ಕಾರನ್ನು ಯೋಜಿಸಿದ. ಇಪ್ಪತ್ತೈದು ಮಾಡುವ ಅಂದಾಜಿತ್ತು. ಅಷ್ಟರಲ್ಲಿ ಜಗತ್ತು ಆರ್ಥಿಕ ಕುಸಿತದಲ್ಲಿ ಮುಳುಗಿತು. ತಯಾರಾದದ್ದು ಆರು, ಹೊರಗಿನ ಗಿರಾಕಿಗಳು ಕೊಂಡದ್ದು ಮೂರು. ಯಾವ ರಾಜನೂ ಕೊಳ್ಳಲಿಲ್ಲ. ಆದರೆ ಆ ದೈತ್ಯ ಇಂಜಿನ್ನನ್ನು ಎಟ್ಟೋರೆ ವ್ಯರ್ಥವಾಗಲು ಬಿಡಲಿಲ್ಲ. ನಾಲ್ಕು ಇಂಜಿನ್‌ಗಳನ್ನು ಒಂದೇ ಬೋಗಿಗೆ ಅಳವಡಿಸಿ ಫ್ರೆಂಚ್ ರೈಲ್ವೆಗೆ ವೇಗದ ರೈಲುಬಂಡಿ ಮಾಡಿಕೊಟ್ಟ. 1933ರಲ್ಲಿ ಹಳಿಗಿಳಿದ ಈ ಬಂಡಿಗಳು ಒಟ್ಟು 88 ತಯಾರಾದವು. ಕಾರು ಕೊಳ್ಳುವವರಿಲ್ಲದ ಆ ವರ್ಷಗಳಲ್ಲಿ ಮೊಲ್ಸೈಮ್‌ನ ಕುಟುಂಬಗಳ ಒಲೆ ಉರಿದದ್ದು ಈ ರೈಲುಗಳಿಂದ.

ಹೀಗಿದ್ದೂ 1936ರಲ್ಲಿ ಫ್ರಾನ್ಸಿನಾದ್ಯಂತ ಹಬ್ಬಿದ ಮುಷ್ಕರ ಮೊಲ್ಸೈಮ್‌ಗೂ ಬಂತು. ಕೆಲಸಗಾರರು ಕಾರ್ಖಾನೆಯೊಳಗೇ ಕುಳಿತರು. ಸಂಬಳ ಸಹಿತ ರಜೆ, ವಾರಕ್ಕೆ ನಲವತ್ತು ಗಂಟೆಯ ದುಡಿಮೆ ಇಡೀ ದೇಶದ ಕಾರ್ಮಿಕರಿಗೆ ದಕ್ಕಿದ್ದು ಆ ಚಳವಳಿಯಿಂದ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಕರೆಯುವ ಯಜಮಾನನಿಗೆ, ತನ್ನ ಮನೆಯವರೇ ತನಗೆ ಬಾಗಿಲು ಹಾಕಿದಂತೆ ಭಾಸವಾಯಿತು. ಪ್ರೀತಿಯಿಂದ ನಡೆಸಿದ ಮಾತ್ರಕ್ಕೆ ಹಕ್ಕಿನ ಪ್ರಶ್ನೆ ಏಳುವುದಿಲ್ಲವೆಂದು ಆತ ಭಾವಿಸಿದ್ದ. ಮನನೊಂದ ಎಟ್ಟೋರೆ ಪ್ಯಾರಿಸ್ ಸೇರಿದ. ಕಾರ್ಖಾನೆಯ ಹೊಣೆ ಹಿರಿಯ ಮಗ ಜ್ಯಾನ್ ಹೆಗಲೇರಿತು.

ಜ್ಯಾನ್ ಬುಗಾಟಿ ಹುಟ್ಟಿದ್ದು 1909ರಲ್ಲಿ, ಕಾರ್ಖಾನೆಯ ವಯಸ್ಸೇ ಅವನ ವಯಸ್ಸು. ತಂದೆಗೆ ಒಪ್ಪದ ಎಷ್ಟೋ ಹೊಸತನಗಳನ್ನು ಅವನು ತಾಳ್ಮೆಯಿಂದ ತಂದ. 1934ರ ಟೈಪ್ 57 ಅವನದೇ ಕೂಸು. ಬೆನ್ನಹುರಿಯಂತೆ ರಿವೆಟ್ ಹೊಡೆದ ಅಟ್ಲಾಂಟಿಕ್ ಮಾದರಿ ಇಂದಿಗೂ ಜಗತ್ತಿನ ಅತಿ ಬೆಲೆಬಾಳುವ ಕಾರುಗಳ ಸಾಲಿನಲ್ಲಿದೆ. ಮಾಡಿದ್ದು ನಾಲ್ಕೇ, ಅವುಗಳಲ್ಲಿ ಜ್ಯಾನ್ ತಾನೇ ಬಳಸುತ್ತಿದ್ದ ಕಪ್ಪು ಕಾರು ಯುದ್ಧದ ಗದ್ದಲದಲ್ಲಿ ಕಾಣೆಯಾಗಿ ಇದುವರೆಗೆ ಪತ್ತೆಯಾಗಿಲ್ಲ. ಲೆ ಮಾನ್‌ನ 24 ಗಂಟೆಗಳ ಪಂದ್ಯವನ್ನು ಬುಗಾಟಿ 1937ರಲ್ಲೂ 1939ರಲ್ಲೂ ಗೆದ್ದಿತು. 1939ರ ಆಗಸ್ಟ್ 11ರ ರಾತ್ರಿ, ಗೆದ್ದ ಆ ಕಾರನ್ನೇ ಪರೀಕ್ಷಿಸಲು ಜ್ಯಾನ್ ಕಾರ್ಖಾನೆಯ ಸಮೀಪದ ಡುಪ್ಪಿಗೈಮ್ ರಸ್ತೆಗೆ ಒಯ್ದ. ಸೈಕಲ್ ಸವಾರನೊಬ್ಬ ಹಠಾತ್ತನೆ ಅಡ್ಡ ಬಂದ. ಅವನನ್ನು ಉಳಿಸಲು ಹೋದ ಜ್ಯಾನ್‌ನ ಕಾರು ಮರಕ್ಕೆ ಬಡಿಯಿತು. ಅವನಿಗೆ ಆಗ ಮೂವತ್ತು ವರ್ಷ. ಮೂರು ವಾರಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು.

ಮಗನ ಸಾವಿನ ದುಃಖ ಆರುವ ಮೊದಲೇ ಯಂತ್ರಗಳನ್ನು ಬೋರ್ಡೋ ನಗರಕ್ಕೆ ಸಾಗಿಸಬೇಕಾಯಿತು. 1940ರಲ್ಲಿ ಫ್ರಾನ್ಸ್ ಶರಣಾಗಿ, ಅಲ್ಸಾಸ್ ಮತ್ತೆ ಜರ್ಮನ್ನರ ವಶವಾಯಿತು. ಮೊಲ್ಸೈಮ್ ಕಾರ್ಖಾನೆಯನ್ನು ಮಾರುವಂತೆ ಎಟ್ಟೋರೆಯ ಮೇಲೆ ಒತ್ತಡ ಬಿತ್ತು. ಬೇಡವೆನ್ನುವ ಅವಕಾಶ ಇರಲಿಲ್ಲ. ಅದರ ನಿಜ ಬೆಲೆಯ ಅರ್ಧಕ್ಕೆ, 15 ಕೋಟಿ ಫ್ರಾಂಕುಗಳಿಗೆ, ಆತ ಸಹಿ ಹಾಕಿದ. ನೀರಿನಲ್ಲೂ ನೆಲದಲ್ಲೂ ಓಡುವ ಮಿಲಿಟರಿ ಕಾರುಗಳನ್ನು ಮಾಡುತ್ತಿದ್ದ ಹಾನ್ಸ್ ಟ್ರಿಪ್ಪೆಲ್ ಒಳಬಂದ.

ಆ ಸಹಿಯೇ ಉರುಳಾಯಿತು. ಅಲ್ಸಾಸ್ ವಿಮೋಚನೆಗೊಂಡ ಮೇಲೆ ಫ್ರೆಂಚ್ ಸರ್ಕಾರ ಕಾರ್ಖಾನೆಯನ್ನು ಶತ್ರುವಿನ ಸ್ವತ್ತೆಂದು ಜಫ್ತಿ ಮಾಡಿತು. ಜರ್ಮನ್ನರಿಗೆ ಮಾರಿದವನು, ಮೇಲಾಗಿ ದಶಕಗಳ ಕಾಲ ಇಟಲಿಯ ಪೌರತ್ವ ಉಳಿಸಿಕೊಂಡವನು. ಕಾಗದದ ಮೇಲೆ ಆರೋಪ ಗಟ್ಟಿಯಾಗಿಯೇ ಕಾಣುತ್ತಿತ್ತು. ಆತನ ಕಾರುಗಳು ಕಾಲು ಶತಮಾನ ಫ್ರಾನ್ಸಿನ ನೀಲಿ ಬಣ್ಣ ತೊಟ್ಟು ಓಡಿದ್ದವು, ಆತನ ಚಾಲಕ ರೋಬೆರ್ ಬೆನ್ವಾ ಪ್ರತಿರೋಧ ಹೋರಾಟದಲ್ಲಿ ಸಿಕ್ಕಿಬಿದ್ದು 1944ರಲ್ಲಿ ನಾಜಿಗಳಿಂದ ಹತನಾಗಿದ್ದ ಎಂಬುದೆಲ್ಲ ಕಡತಗಳಿಗೆ ಬೇಕಿರಲಿಲ್ಲ. ಪತ್ನಿ ಬಾರ್ಬರಾ 1944ರಲ್ಲಿ ತೀರಿಕೊಂಡಿದ್ದಳು. ಅರವತ್ತು ದಾಟಿದ ಮನುಷ್ಯ ಕೋರ್ಟಿನ ಮೆಟ್ಟಿಲೇರಿದ. ಮೊದಲ ತೀರ್ಪು ಆತನ ವಿರುದ್ಧ ಬಂತು. ಆತ ಬಿಡಲಿಲ್ಲ, ಮೇಲ್ಮನವಿ ಸಲ್ಲಿಸಿದ. ಬಲವಂತದ ಸಹಿ ಸಹಿಯಲ್ಲವೆಂಬ ವಾದ 1947ರಲ್ಲಿ ಗೆದ್ದು, ಕಾರ್ಖಾನೆ ಬುಗಾಟಿಗಳಿಗೆ ಮರಳಿತು. ಆ ವೇಳೆಗೆ ಎಟ್ಟೋರೆ ಹಾಸಿಗೆ ಹಿಡಿದಿದ್ದ. ಮರಳಿ ಬಂದ ಕಾರ್ಖಾನೆಯನ್ನು ನಡೆಸುವ ಭಾಗ್ಯ ಆತನಿಗೆ ಒದಗಲಿಲ್ಲ. 1947ರ ಆಗಸ್ಟ್ 21ರಂದು ಪ್ಯಾರಿಸ್‌ನಲ್ಲಿ ಆತ ಕೊನೆಯುಸಿರೆಳೆದ.

ಕಿರಿಯ ಮಗ ರೋಲಾಂಡ್ ಮತ್ತು ಹಳೆಯ ಒಡನಾಡಿ ಪಿಯೆರ್ ಮಾರ್ಕೊ ಕೆಲವು ವರ್ಷ ಹೆಣಗಿದರು. 1956ರಲ್ಲಿ ರೀಮ್ಸ್ ಪಂದ್ಯಕ್ಕೆ ಇಳಿಸಿದ ಟೈಪ್ 251 ಪೂರ್ತಿ ಓಡದೆ ನಿಂತಿತು. 1963ರಲ್ಲಿ ಕಾರ್ಖಾನೆ ಹಿಸ್ಪಾನೊ ಸುಯಿಜಾ ಕಂಪನಿಯ ಪಾಲಾಗಿ, ಕಾರಿನ ಬದಲು ವಿಮಾನದ ಭಾಗಗಳ ಕೆಲಸ ಶುರುವಾಯಿತು. ಅಳಿದುಳಿದ ಹಳೆಯ ಕಾರುಗಳಲ್ಲಿ ಹಲವನ್ನು ಜವಳಿ ಉದ್ಯಮಿಗಳಾದ ಶ್ಲುಂಪ್ಫ್ ಸಹೋದರರು ಕೊಂಡೊಯ್ದರು. ಅವು ಈಗ ಮುಲೂಸ್ ನಗರದ ವಸ್ತುಸಂಗ್ರಹಾಲಯದಲ್ಲಿವೆ. ಬುಗಾಟಿ ಎಂಬ ಹೆಸರು ಮಾತ್ರ ಊರೂರು ಅಲೆಯಿತು. 1990ರಲ್ಲಿ ಇಟಲಿಯ ಕಾಂಪೊಗಲ್ಲಿಯಾನೊದಲ್ಲಿ ಅದರದೇ ಹೊಸ ಕಾರ್ಖಾನೆ ಎದ್ದು, ಐದೇ ವರ್ಷದಲ್ಲಿ ದಿವಾಳಿಯಾಯಿತು. 1998ರಲ್ಲಿ ಫೋಕ್ಸ್‌ವ್ಯಾಗನ್ ಹೆಸರನ್ನು ಕೊಂಡು, ಸೇಂಟ್ ಜಾನ್ ಬಂಗಲೆಯನ್ನು ದುರಸ್ತಿ ಮಾಡಿಸಿ, ಅದರ ತೋಟದಲ್ಲಿ ಹೊಸ ಜೋಡಣಾಶಾಲೆ ಕಟ್ಟಿಸಿತು. 2005ರಿಂದ ಅಲ್ಲಿ ವೇರಾನ್ ಕಾರುಗಳು ಹೊರಬಂದವು. 1939ರಲ್ಲಿ ಲೆ ಮಾನ್ ಗೆದ್ದ ಚಾಲಕ ಪಿಯೆರ್ ವೇರಾನ್‌ನ ಹೆಸರು ಅದಕ್ಕೆ. ಹಳೆಯ ಕಾರ್ಖಾನೆಯ ಆವರಣ ವಿಮಾನದ ಬ್ರೇಕು ಮಾಡುವವರ ಬಳಿಯೇ ಉಳಿಯಿತು.

ಎಟ್ಟೋರೆ ಮತ್ತು ಜ್ಯಾನ್ ಡೋರ್ಲಿಸೈಮ್ ಸ್ಮಶಾನದಲ್ಲಿ ಮಣ್ಣಾಗಿದ್ದಾರೆ, ಬಣ್ಣದ ಕಾರ್ಖಾನೆಯನ್ನು ಬಾಡಿಗೆಗೆ ಹಿಡಿದ ಅದೇ ಊರಿನಲ್ಲಿ. ಡುಪ್ಪಿಗೈಮ್ ರಸ್ತೆಯ ಬದಿಯಲ್ಲಿ ಜ್ಯಾನ್ ನೆನಪಿನ ಕಲ್ಲೊಂದಿದೆ. ಹಳೆಯ ಬುಗಾಟಿಗಳ ಅಭಿಮಾನಿಗಳು ಎಟ್ಟೋರೆ ಹುಟ್ಟಿದ ಸೆಪ್ಟೆಂಬರ್ ತಿಂಗಳಲ್ಲಿ ಕಾರುಗಳನ್ನು ಓಡಿಸಿಕೊಂಡು ಮೊಲ್ಸೈಮ್‌ಗೆ ಬರುತ್ತಾರೆ.