ಐಗಳಿಗೆ ಸಂಬಳ ಕೊಡಿಸಲು ಹೊರಟ ಮನ್ರೋ ಸಾಹೇಬ

ಬೊಮ್ಮನಹಾಳ್: ಮಂತ್ರಾಲಯಕ್ಕೆ ಹೋಗಿ ಬಂದವರಿಗೆಲ್ಲ ಥಾಮಸ್ ಮನ್ರೋ ಹೆಸರು ಗೊತ್ತು. ಮಠದ ಭೂಮಿ ವಿಚಾರಿಸಲು ಬಂದ ಈ ಕಲೆಕ್ಟರ್ ಸಾಹೇಬನ ಜೊತೆ ರಾಯರೇ ಬೃಂದಾವನದಿಂದ ಎದ್ದು ಬಂದು ಮಾತಾಡಿದರು ಅಂತ ಭಕ್ತರು ಇಂದಿಗೂ ಹೇಳುತ್ತಾರೆ. ಆದರೆ ಅದೇ ಮನ್ರೋ ನಮ್ಮ ಭಾಗದ ಊರ ಶಾಲೆಗಳ ಲೆಕ್ಕ ತರಿಸಿದ್ದು, ಐಗಳಿಗೆ ಅಂದರೆ ಆಗಿನ ಮೇಷ್ಟ್ರುಗಳಿಗೆ ಸರ್ಕಾರದ ಸಂಬಳ ಕೊಡಿಸಲು ಹೊರಟಿದ್ದು ಹೆಚ್ಚಿನವರಿಗೆ ಗೊತ್ತಿಲ್ಲ.

ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. 1780ರಲ್ಲಿ ಕಂಪನಿ ಸೈನ್ಯದ ಕೆಡೆಟ್ ಆಗಿ ಮದ್ರಾಸಿಗೆ ಬಂದರು. ಬಾರಾಮಹಲ್, ಕೆನರಾ ಮುಗಿಸಿ, 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಗೆ ಕಲೆಕ್ಟರ್ ಆದರು. ಬಳ್ಳಾರಿ, ಅನಂತಪುರ, ಕಡಪ ಎಲ್ಲ ಅದರಲ್ಲೇ ಇತ್ತು. ಏಳು ವರ್ಷ ಇಲ್ಲಿದ್ದು, ಹೊಲ ಅಳೆಸಿ, ರೈತನಿಂದ ನೇರವಾಗಿ ಕಂದಾಯ ಕಟ್ಟಿಸಿಕೊಳ್ಳುವ ರೈತವಾರಿ ಪದ್ಧತಿ ಬೇರೂರಿಸಿದರು. 1820ರಲ್ಲಿ ಮದ್ರಾಸಿನ ಗವರ್ನರ್ ಆದರು.

533 ಶಾಲೆ, ಸರ್ಕಾರದ ಕಾಸಿಲ್ಲ

1822ರಲ್ಲಿ ಮನ್ರೋ ಎಲ್ಲ ಕಲೆಕ್ಟರುಗಳಿಗೆ ಆದೇಶ ಕಳಿಸಿದರು. ಎಷ್ಟು ಶಾಲೆ, ಎಷ್ಟು ಮಕ್ಕಳು, ಖರ್ಚು ಯಾರದು ಅಂತ ವರದಿ ಕೇಳಿದರು. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಉತ್ತರ ಬರೆದರು. ಆಗ ರಾಯದುರ್ಗ ಸೀಮೆಯೂ ಬಳ್ಳಾರಿಗೇ ಸೇರಿತ್ತು. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಕನ್ನಡದ ಶಾಲೆಗಳೂ ಇದ್ದವು, ತೆಲುಗಿನವೂ ಇದ್ದವು, ಮರಾಠಿಯವೂ ಇದ್ದವು. ಹಿಂದಿನ ಅರಸರು ವಿದ್ಯೆಗೆ ಇನಾಂ ಕೊಡುತ್ತಿದ್ದರು. ಈಗ ಒಂದೇ ಒಂದು ಶಾಲೆಗೂ ಸರ್ಕಾರದ ನೆರವಿಲ್ಲ ಅಂತ ಕ್ಯಾಂಪ್‌ಬೆಲ್ ನಾಚಿಕೆಯಿಂದಲೇ ಒಪ್ಪಿಕೊಂಡಿದ್ದರು.

ಶಾಲೆ ಹೇಗಿತ್ತು ಅಂತಲೂ ವರದಿಯಲ್ಲಿದೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದೇಟು, ಆಮೇಲೆ ಬಂದವರಿಗೆ ಏಟು ಹೆಚ್ಚುತ್ತಾ ಹೋಗುತ್ತಿತ್ತು. ಮರಳ ಮೇಲೆ ಬೆರಳಿಂದ ಅಕ್ಷರ ತಿದ್ದುವ ಹುಡುಗ ತಿಂಗಳಿಗೆ ನಾಲ್ಕಾಣೆ ಕೊಡಬೇಕು, ಕಾಗದದ ಮೇಲೆ ಬರೆಯುವಷ್ಟಾದರೆ ಎಂಟಾಣೆ. ವಿಲಾಯತಿ ಬಟ್ಟೆ ಬಂದು ನೇಕಾರರ ಗಳಿಕೆ ಬಿದ್ದಿತ್ತು. ಅಷ್ಟು ಕೊಡಲೂ ಆಗದೆ ಎಷ್ಟೋ ಮನೆಯವರು ಮಕ್ಕಳನ್ನು ಶಾಲೆ ಬಿಡಿಸಿದ್ದರು.

ಲೆಕ್ಕ ಹಾಕಿ ನೋಡಿ. ಒಂದು ಶಾಲೆಗೆ ಸರಾಸರಿ 12 ಮಕ್ಕಳು. ಎಲ್ಲರೂ ತಪ್ಪದೆ ಕೊಟ್ಟರೂ ಐಗಳಿಗೆ ಸಿಗೋದು ಮೂರರಿಂದ ಆರು ರೂಪಾಯಿ. ಇಷ್ಟರಲ್ಲಿ ಒಳ್ಳೆಯ ಮೇಷ್ಟ್ರು ಸಿಗೋದು ಕಷ್ಟ ಅನ್ನೋದು ಮನ್ರೋಗೂ ಅರ್ಥವಾಯಿತು.

ವರ್ಷಕ್ಕೆ 48 ಸಾವಿರ

1826ರ ಮಾರ್ಚಿನಲ್ಲಿ ಅವರು ಯೋಜನೆ ಮುಂದಿಟ್ಟರು. ಇಡೀ ಪ್ರಾಂತಕ್ಕೆ 40 ಜಿಲ್ಲಾ ಶಾಲೆ, ಐಗಳಿಗೆ ತಿಂಗಳಿಗೆ 15 ರೂ. ತಾಲ್ಲೂಕು ಮಟ್ಟದಲ್ಲಿ 300 ಶಾಲೆ, ಐಗಳಿಗೆ 9 ರೂ. ಮಕ್ಕಳ ಫೀಜು ಬೇರೆ. ಮದ್ರಾಸ್ ಸ್ಕೂಲ್ ಬುಕ್ ಸೊಸೈಟಿ ಸರ್ಕಾರದ ಸಹಾಯ ಕೇಳಿತ್ತು. ಪುಸ್ತಕ ಅಚ್ಚು ಹಾಕಿಸಲು, ಮೇಷ್ಟ್ರುಗಳನ್ನು ತಯಾರು ಮಾಡಲು ಅದಕ್ಕೆ ತಿಂಗಳಿಗೆ 700 ರೂ. ಎಲ್ಲ ಕೂಡಿ ವರ್ಷಕ್ಕೆ 48,000 ರೂ. ಕಟ್ಟಡಕ್ಕಿಂತ ಮೊದಲು ಮೇಷ್ಟ್ರು, ಪುಸ್ತಕ ಅನ್ನುವುದೇ ಆ ಲೆಕ್ಕದ ಸಾರ.

ಆದರೆ ಅದರ ಫಲ ನೋಡಲು ಮನ್ರೋ ಉಳಿಯಲಿಲ್ಲ. ಊರಿಗೆ ವಾಪಸಾಗುವ ಮೊದಲು ಈ ಸೀಮೆಯ ಜನರನ್ನು ಕಂಡು ಹೋಗೋಣ ಅಂತ ಬಂದವರು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಗುತ್ತಿಯಲ್ಲಿ ಮಣ್ಣು ಮಾಡಿದರು, ನಂತರ ಅವಶೇಷವನ್ನು ಮದ್ರಾಸಿಗೆ ಒಯ್ದರು. ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟವರೂ ಈ ಕಡೆ ಇದ್ದರಂತೆ.

ಅವರ ನೆನಪಿಗೆ ಮದ್ರಾಸಿನಲ್ಲಿ ವಂತಿಗೆ ಎತ್ತಿದರು. ದುಡ್ಡು ಧಾರಾಳವಾಗಿ ಬಂತು. ಲಂಡನ್ನಿನ ಶಿಲ್ಪಿ ಚಾಂಟ್ರಿ ಮಾಡಿದ ಕುದುರೆ ಸವಾರಿಯ ಕಂಚಿನ ಪ್ರತಿಮೆ 1839ರಲ್ಲಿ ನಿಂತಿತು. ಅದಕ್ಕೆ ಮೂರು ವರ್ಷ ಮುಂಚೆ, 1836ರಲ್ಲಿ, ಅವರ ತಾಲ್ಲೂಕು ಶಾಲೆಗಳು ರದ್ದಾಗಿದ್ದವು. ಪಾಠ ಸರಿಯಿಲ್ಲ ಎಂಬ ದೂರಿತ್ತು, ಸರ್ಕಾರದ ಒಲವೂ ಇಂಗ್ಲಿಷ್ ಶಿಕ್ಷಣದ ಕಡೆ ತಿರುಗಿತ್ತು. ಪ್ರತಿಮೆಗೆ ಕೊಟ್ಟ ದಾನಿಗಳು ಐಗಳ ಒಂಬತ್ತು ರೂಪಾಯಿ ಕಡೆ ನೋಡಲಿಲ್ಲ.

1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಬಿಟ್ಟು ಆಂಧ್ರಕ್ಕೆ ಸೇರಿತು. ಗಡಿ ಬದಲಾದರೂ ಬೊಮ್ಮನಹಾಳ್ ಕಡೆಯ ಮನೆಗಳಲ್ಲಿ ಕನ್ನಡ ಹೋಗಿಲ್ಲ. ಇಲ್ಲಿನ ಶಾಲೆಗೆ ಏನಾದರೂ ಕೊಡಬೇಕು ಅನ್ನುವವರು ಕಮಾನು ಕಟ್ಟಿಸಿ ಹೆಸರು ಬರೆಸುವ ಮೊದಲು, ತರಗತಿಗೆ ಏನು ಬೇಕು ಅಂತ ಮೇಷ್ಟ್ರನ್ನು ಒಂದು ಮಾತು ಕೇಳಿದರೆ ಒಳ್ಳೆಯದು. ಇನ್ನೂರು ವರ್ಷದ ಹಿಂದೆ ಮನ್ರೋ ಲೆಕ್ಕ ಶುರು ಮಾಡಿದ್ದೂ ಕೇಳುವುದರಿಂದಲೇ.