ವೈದ್ಯವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾಯರು

ಅರ್ಬುದವೆಂಬ ಹೆಸರನ್ನು ಕೇಳಿದ ಮಾತ್ರಕ್ಕೆ ಮನೆಮಂದಿಯೆಲ್ಲ ಕೈಚೆಲ್ಲಿ ಕುಳಿತುಕೊಳ್ಳುವ ಕಾಲವೊಂದಿದ್ದಿತು. ರಕ್ತಕ್ಕೆ ತಗಲುವ ಅರ್ಬುದವಾದರಂತೂ, ಕೊಯ್ದು ತೆಗೆಯಲು ಅಲ್ಲಿ ಗಂಟೇ ಇಲ್ಲದುದರಿಂದ, ಶಸ್ತ್ರವೈದ್ಯನ ಕೈಗೂ ಸಿಕ್ಕುತ್ತಿರಲಿಲ್ಲ. ಆ ರೋಗ ಹಿಡಿದ ಎಳೆಯ ಮಗುವು ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ತೀರಿಹೋಗುತ್ತಿದ್ದಿತು. ಇಂದು ಶೃಂಗೇರಿ ಸೀಮೆಯ ನೆಮ್ಮಾರಿನಿಂದಾಗಲಿ, ಕೊಪ್ಪ ನರಸಿಂಹರಾಜಪುರಗಳ ತೋಟದ ಮನೆಗಳಿಂದಾಗಲಿ ಇಂಥ ಮಗುವನ್ನೆತ್ತಿಕೊಂಡು ತಾಯಿತಂದೆಗಳು ಘಟ್ಟವಿಳಿದು ಮಣಿಪಾಲಕ್ಕೋ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೋ ಹೋದರೆ, ಅಲ್ಲಿ ಈ ರೋಗಕ್ಕೆ ಬಳಸುವ ಔಷಧಗಳಲ್ಲಿ ಮೆಥೊಟ್ರೆಕ್ಸೇಟ್ ಎಂಬುದು ಮುಖ್ಯವಾದುದೊಂದು. ಆ ಔಷಧದ ಮೂಲವನ್ನು ಅರಸುತ್ತ ಹೋದವರಿಗೆ ತೆಲುಗು ನಾಡಿನ ಮಹನೀಯರೊಬ್ಬರ ಹೆಸರು ದೊರೆಯುತ್ತದೆ.

ಯಲ್ಲಾಪ್ರಗಡ ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರದಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆಯಲ್ಲಿ ಬಡತನವಿದ್ದಿತು, ಹುಡುಗನಿಗೆ ಓದಿನಲ್ಲಿ ಆಸ್ಥೆಯಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ, ಕಾಶಿಯ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವೆನೆಂದು ಮನೆಬಿಟ್ಟು ಓಡಿದನು. ತಾಯಿಯು ಬಿಡದೆ ಹಿಂದಕ್ಕೆ ಕರೆತರಿಸಿ ಮತ್ತೆ ಪಾಠಶಾಲೆಗೆ ಕಳುಹಿಸಿದಳು. ಮೆಟ್ರಿಕ್ಯುಲೇಷನ್ ಪರೀಕ್ಷೆಯು ಮೂರನೆಯ ಪ್ರಯತ್ನದಲ್ಲಿ ಕೈಗೂಡಿತು. ಮಗನ ಓದಿಗಾಗಿ ಆಕೆ ಮೈಮೇಲಿನ ಒಡವೆಗಳನ್ನೂ ಮಾರಬೇಕಾಯಿತು.

ಮದರಾಸಿನಲ್ಲಿ ಓದುತ್ತಿದ್ದಾಗ ಸುಬ್ಬರಾಯರ ಮನಸ್ಸು ವೈರಾಗ್ಯದ ಕಡೆಗೆ ತಿರುಗಿತು. ರಾಮಕೃಷ್ಣಾಶ್ರಮವನ್ನು ಸೇರಿ ಸಂನ್ಯಾಸಿಯಾಗಬೇಕೆಂದು ಅವರು ಬಯಸಿದರು. ತಾಯಿಯು ಒಪ್ಪಲಿಲ್ಲ; ಆಕೆಯ ಒಪ್ಪಿಗೆಯಿಲ್ಲದೆ ಆಶ್ರಮದವರೂ ಸೇರಿಸಿಕೊಳ್ಳಲಿಲ್ಲ. ವೈದ್ಯವಿದ್ಯೆಯನ್ನು ಕಲಿತರೆ ಅದೇ ಸೇವೆಯಾದೀತೆಂಬ ಹಿರಿಯರ ಬುದ್ಧಿವಾದದಂತೆ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಮುಂದೆ ಮಾವನವರಾದ ಕಸ್ತೂರಿ ಸೂರ್ಯನಾರಾಯಣಮೂರ್ತಿಗಳು ಓದಿನ ವೆಚ್ಚವನ್ನು ವಹಿಸಿದರು. 1919ರಲ್ಲಿ ಅವರ ಮಗಳು ಶೇಷಗಿರಿಯೊಡನೆ ವಿವಾಹವಾಯಿತು. ಗಾಂಧೀಜಿಯವರ ಮಾತಿಗೆ ಓಗೊಟ್ಟು ಖಾದಿಯ ಅಂಗಿಯನ್ನು ತೊಟ್ಟು ಶಸ್ತ್ರಕ್ರಿಯೆಯ ಕೋಣೆಗೆ ಹೋದುದು ಆಂಗ್ಲ ಅಧ್ಯಾಪಕರಿಗೆ ಹಿಡಿಸಲಿಲ್ಲ. ಸುಬ್ಬರಾಯರಿಗೆ ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಿ ಕೆಳದರ್ಜೆಯ ಎಲ್.ಎಂ.ಎಸ್. ದೊರೆಯಿತು. ಸರಕಾರಿ ವೈದ್ಯಸೇವೆಯ ಬಾಗಿಲು ತೆರೆಯದಾಗಲು, ಡಾಕ್ಟರ್ ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಶರೀರರಚನಾಶಾಸ್ತ್ರವನ್ನು ಬೋಧಿಸಿದರು.

ಇವರ ಬಾಳನ್ನು ನಿಜವಾಗಿ ತಿರುಗಿಸಿದುದು ಮನೆಯಲ್ಲಿ ನಡೆದ ಒಂದು ದುರಂತ. ಉಷ್ಣದೇಶದ ಗ್ರಹಣಿರೋಗದಿಂದ ಅಣ್ಣನೊಬ್ಬ, ತಮ್ಮನೊಬ್ಬ, ಎಂಟು ದಿನಗಳ ಅಂತರದಲ್ಲಿ ತೀರಿಕೊಂಡರು. ಉಂಡ ಅನ್ನವು ಮೈಗೆ ಹತ್ತದೆ ರಕ್ತವು ನೀರಾಗುತ್ತ ಹೋಗುವ ಬೇನೆಯದು. ಸುಬ್ಬರಾಯರಿಗೂ ಅದು ತಗಲಿದ್ದಿತು. ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಅವರು ಉಳಿದರು. ಈ ಬೇನೆಯ ಬೇರನ್ನು ಅರಿಯಬೇಕೆಂಬ ಛಲವು ಅವರನ್ನು ಕಡಲಾಚೆಗೆ ಒಯ್ದಿತು. ಬಸುರಿ ಹೆಂಡತಿಯನ್ನು ತೌರಿನಲ್ಲಿ ಬಿಟ್ಟು, 1922ರ ಅಕ್ಟೋಬರಿನಲ್ಲಿ ಅಮೆರಿಕೆಯ ಬಾಸ್ಟನ್ ಪಟ್ಟಣವನ್ನು ಮುಟ್ಟಿದರು. ಬಳಿಕ ಹುಟ್ಟಿದ ಗಂಡುಕೂಸು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ತಂದೆಯು ಅದರ ಮುಖವನ್ನು ಕಾಣಲಿಲ್ಲ.

ಹಾರ್ವರ್ಡ್ ವಿದ್ಯಾಲಯದಲ್ಲಿ ಹಗಲು ಓದು. ರಾತ್ರಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸ. ಆಮೇಲೆ ಸೈರಸ್ ಫಿಸ್ಕೆಯವರೊಡನೆ ಜೀವರಸಾಯನದ ಸಂಶೋಧನೆ ಮೊದಲಾಯಿತು. 1925ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದ, ರಂಜಕವನ್ನು ಅಳೆಯುವ ವಿಧಾನವು ಫಿಸ್ಕೆ-ಸುಬ್ಬರಾವ್ ವಿಧಾನವೆಂದೇ ಪ್ರಯೋಗಶಾಲೆಗಳಲ್ಲಿ ನೆಲೆನಿಂತಿತು. 1927ರಲ್ಲಿ ಸ್ನಾಯುವಿನೊಳಗಿನ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎ.ಟಿ.ಪಿ. ಎಂಬ ಶಕ್ತಿದ್ರವ್ಯ, ಇವುಗಳ ವಿಚಾರವಾದ ಪ್ರಬಂಧಗಳು ಹೊರಬಂದುವು. ಇವುಗಳಲ್ಲಿ ಒಂದೇ ಒಂದು ಮತ್ತೊಬ್ಬರ ಹೆಸರನ್ನು ಎತ್ತಿ ನಿಲ್ಲಿಸಲು ಸಾಕಾಗಿತ್ತು. ಸುಬ್ಬರಾಯರಿಗೆ ಅಲ್ಲಿ ಖಾಯಂ ಪೀಠವು ದೊರೆಯಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ಪ್ರಾಂತದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಶಾಲೆಯನ್ನು ಸೇರಿ, ಬೇಗನೆ ಅಲ್ಲಿನ ಸಂಶೋಧನೆಗೆ ಮುಖ್ಯರಾದರು.

ಸೋದರರನ್ನು ಕೊಂದ ರೋಗವನ್ನು ಅವರು ಮರೆತಿರಲಿಲ್ಲ. ಯಕೃತ್ತಿನ ಸಾರದಲ್ಲಿ ರಕ್ತಹೀನತೆಯನ್ನು ನೀಗುವ ಗುಣವೊಂದಿದ್ದಿತು. ಮುಂಬಯಿಯ ಬಸುರಿಯರ ರಕ್ತಹೀನತೆಗೆ ಯೀಸ್ಟಿನ ಸಾರವು ಮದ್ದಾಗುವುದನ್ನು ಲೂಸಿ ವಿಲ್ಸ್ ಎಂಬ ವೈದ್ಯೆ 1931ರಲ್ಲಿಯೇ ಪ್ರಕಟಿಸಿದ್ದರು. ಆ ಗುಣದ ಹಿಂದಿನ ದ್ರವ್ಯವಾದ ಫೋಲಿಕ್ ಆಮ್ಲದ ರಚನೆಯನ್ನೂ ಅದನ್ನು ಕೃತಕವಾಗಿ ತಯಾರಿಸುವ ಮಾರ್ಗವನ್ನೂ ಸುಬ್ಬರಾಯರ ತಂಡವು 1946ರಲ್ಲಿ ಲೋಕದ ಮುಂದಿಟ್ಟಿತು. ಆ ಪ್ರಬಂಧದಲ್ಲಿ ಹದಿನಾರು ಹೆಸರುಗಳ ನಡುವೆ ಅವರದೂ ಒಂದು. ಗ್ರಹಣಿರೋಗಿಯ ರಕ್ತಹೀನತೆಯು ಇದರಿಂದ ಇಳಿಯತೊಡಗಿತು. ಅಣ್ಣತಮ್ಮಂದಿರ ಪಾಲಿಗೆ ಅದು ಇಪ್ಪತ್ತೈದು ವರ್ಷ ತಡವಾಗಿದ್ದಿತು.

ಕಥೆಯು ಇಲ್ಲಿಗೆ ನಿಲ್ಲಲಿಲ್ಲ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಸಿಡ್ನಿ ಫಾರ್ಬರ್ ಎಂಬ ವೈದ್ಯರು, ಸುಬ್ಬರಾಯರ ತಂಡವು ಒದಗಿಸಿದ ಫೋಲಿಕ್ ಸಂಯುಕ್ತಗಳನ್ನು ರಕ್ತದ ಅರ್ಬುದವಿದ್ದ ಮಕ್ಕಳಿಗೆ ಕೊಟ್ಟು ನೋಡಿದರು. ರೋಗವು ತಗ್ಗುವ ಬದಲು ವೇಗವಾಗಿ ಹೆಚ್ಚುವಂತೆ ಕಂಡಿತು. ಒಳ್ಳೆಯ ರಕ್ತವನ್ನು ಪೋಷಿಸುವ ಆಹಾರವೇ ಕೆಟ್ಟ ಕಣಗಳನ್ನೂ ಪೋಷಿಸುವುದಾದರೆ, ಆ ಆಹಾರವನ್ನು ತಪ್ಪಿಸಿದರೆ ಅವು ಸೊರಗಬೇಕು. ಲೆಡರ್ಲೆಯಲ್ಲಿ ಫೋಲಿಕ್ ಆಮ್ಲದ ರೂಪವನ್ನೇ ಹೋಲುವ, ಆದರೆ ಅದರ ಕೆಲಸವನ್ನು ಮಾಡದ ದ್ರವ್ಯಗಳು ಸಿದ್ಧವಾದುವು. ಇಂಥ ದ್ರವ್ಯವು ಬೀಗದೊಳಕ್ಕೆ ಹೋಗಿ ತಿರುಗದೆ ಸಿಕ್ಕಿಕೊಳ್ಳುವ ಕೀಲಿಯಂತೆ. ಒಳಗಿರುವ ತನಕ ನಿಜವಾದ ಕೀಲಿಗೂ ದಾರಿಯಿಲ್ಲ. ಫೋಲಿಕ್ ಆಮ್ಲವು ದೊರೆಯದೆ ಕಣವು ತನ್ನ ಡಿ.ಎನ್.ಎ.ಯನ್ನು ಹೊಸದಾಗಿ ಕಟ್ಟಿಕೊಳ್ಳಲಾರದು. ಬೇಗ ಬೇಗ ಇಬ್ಭಾಗವಾಗುವ ಅರ್ಬುದದ ಕಣಕ್ಕೆ ಮೊದಲ ಪೆಟ್ಟು ಬೀಳುತ್ತದೆ. ಬಾಯಿಹುಣ್ಣು ಮುಂತಾದ ಬಾಧೆಗಳು ರೋಗಿಗೆ ತಗಲುವುದೂ, ದೇಹದಲ್ಲಿ ಬೇಗ ಬೆಳೆಯುವ ಒಳ್ಳೆಯ ಕಣಗಳೂ ಅದೇ ಪೆಟ್ಟಿಗೆ ಸಿಕ್ಕುವುದರಿಂದಲೇ.

ಇವುಗಳಲ್ಲಿ ಅಮಿನೋಪ್ಟರಿನ್ ಎಂಬುದನ್ನು ಫಾರ್ಬರರು 1947ರ ಕೊನೆಯಲ್ಲಿ ಪ್ರಯೋಗಿಸಿದರು. 1948ರ ಜೂನ್ 3ರಂದು ಪ್ರಕಟವಾದ ವರದಿಯಂತೆ ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ಗುಣ ಕಂಡಿತು. ಹಾಸಿಗೆ ಹಿಡಿದವರು ಎದ್ದು ಓಡಾಡಿದರು. ಆ ಗುಣವು ತಾತ್ಕಾಲಿಕವೆಂಬುದನ್ನು ವರದಿಯ ತಲೆಬರಹದಲ್ಲಿಯೇ ಹೇಳಿದ್ದಿತು. ಕೆಲವು ತಿಂಗಳುಗಳ ಮೇಲೆ ರೋಗವು ಮರುಕಳಿಸುತ್ತಿದ್ದಿತು. ಆದರೂ ಮದ್ದಿನಿಂದ ಈ ರೋಗವು ಹಿಂಜರಿಯುವುದೆಂಬುದು ಅದಕ್ಕೆ ಮೊದಲು ಹೀಗೆ ಸ್ಥಾಪಿತವಾಗಿರಲಿಲ್ಲ. ವರದಿಯ ಲೇಖಕರ ಸಾಲಿನಲ್ಲಿ ಸುಬ್ಬರಾಯರ ಹೆಸರಿಲ್ಲ. ಹೆಸರಿಗಾಗಿ ಅವರು ಜಗಳವಾಡಿದವರೂ ಅಲ್ಲ. ತಂಡದ ಕಿರಿಯರನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುವುದು ಅವರ ರೂಢಿ. ಲೋಕವು ಅವರನ್ನು ಬೇಗನೆ ಮರೆತುದಕ್ಕೆ ಈ ಸ್ವಭಾವವೂ ಒಂದು ಕಾರಣವೆನ್ನಬೇಕು.

ಆನೆಕಾಲು ರೋಗದ ಮದ್ದಾದ ಹೆಟ್ರಜಾನ್, ಬೆಂಜಮಿನ್ ಡಗ್ಗರ್ ಎಂಬ ಸಸ್ಯಶಾಸ್ತ್ರಜ್ಞರು ಕಂಡ ಆರಿಯೋಮೈಸಿನ್, ಇವೂ ಇವರ ಮೇಲ್ವಿಚಾರಣೆಯಲ್ಲಿಯೇ ಹೊರಬಂದುವು. 1948ರ ಆಗಸ್ಟಿನಲ್ಲಿ, ಫಾರ್ಬರರ ವರದಿಯು ಪ್ರಕಟವಾಗಿ ಎರಡು ತಿಂಗಳಾಗುತ್ತಲೇ, ಸುಬ್ಬರಾಯರು ಹೃದಯಾಘಾತದಿಂದ ನಿದ್ರೆಯಲ್ಲಿಯೇ ಕೊನೆಯುಸಿರೆಳೆದರು. ಆಗ ಅವರಿಗೆ 53 ವರ್ಷ. ಅಮಿನೋಪ್ಟರಿನ್ನಿನ ಸೋದರದ್ರವ್ಯವಾದ ಮೆಥೊಟ್ರೆಕ್ಸೇಟಿನಿಂದ, ಗರ್ಭದ ಮಾಸಿನಿಂದ ಹುಟ್ಟಿ ಮೈಯೆಲ್ಲ ಹರಡುವ ಅರ್ಬುದವೊಂದು ಪೂರ್ಣವಾಗಿ ವಾಸಿಯಾದ ಸಂಗತಿಯು 1956ರಲ್ಲಿ ಹೊರಬಂದಿತು. ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವು ಬೆಳೆದ ಮೇಲೆ, ಸೌಕರ್ಯವುಳ್ಳ ಆಸ್ಪತ್ರೆಗಳಲ್ಲಿ ಮಕ್ಕಳ ರಕ್ತದ ಅರ್ಬುದದ ಮುಖ್ಯ ಬಗೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕ ಮಕ್ಕಳು ಬದುಕುತ್ತಿದ್ದಾರೆ. 1995ರಲ್ಲಿ ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಅಮೆರಿಕೆಯಲ್ಲಿ ಇಪ್ಪತ್ತಾರು ವರ್ಷ ಕಳೆದರೂ ಅವರು ಆ ದೇಶದ ಪೌರರಾಗಲಿಲ್ಲ, ಮರುಮದುವೆಯೂ ಆಗಲಿಲ್ಲ. ಹೊರಟ ದಿನ ಬೀಳ್ಕೊಟ್ಟ ಶೇಷಗಿರಿಯಮ್ಮನವರು ಪತಿಯನ್ನು ಮತ್ತೆ ಕಾಣಲಿಲ್ಲ.