ಆಲ್ಡೋ ಲಿಯೋಪೋಲ್ಡ್ ಮತ್ತು ಗಿಲಾ ಅರಣ್ಯದ ಯೋಜನೆ

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಗಿಲಾ ಎಂಬ ರಾಷ್ಟ್ರೀಯ ಅರಣ್ಯವಿದೆ. ಗಿಲಾ ನದಿಯ ಉಗಮದ ಸುತ್ತಲಿನ ಸುಮಾರು 7,55,000 ಎಕರೆ ಸರಕಾರಿ ನೆಲವನ್ನು ಮೋಟಾರು ರಸ್ತೆ, ಹೋಟೆಲು, ಬೇಸಗೆಯ ಬಂಗಲೆ ಇವಾವುವೂ ಇಲ್ಲದಂತೆ ಉಳಿಸಬೇಕೆಂಬ ಯೋಜನೆಗೆ 1924ರ ಜೂನ್ 3ರಂದು ವಿಭಾಗೀಯ ಅರಣ್ಯಾಧಿಕಾರಿ ಫ್ರಾಂಕ್ ಪೂಲರ್ ಅಂಗೀಕಾರವಿತ್ತರು. ಕಾಡನ್ನು ಕಾಡಾಗಿಯೇ ಇರಗೊಡುವುದಕ್ಕೆಂದು ಆ ದೇಶದ ಅರಣ್ಯ ಇಲಾಖೆ ಗಡಿ ಗುರುತಿಸಿ ಕಾಯ್ದಿಟ್ಟ ಮೊದಲ ವನ್ಯಪ್ರದೇಶ ಅದು. ಯೋಜನೆಯನ್ನು ರೂಪಿಸಿದ ಆಲ್ಡೋ ಲಿಯೋಪೋಲ್ಡ್ ಅವರು ಆ ಹೊತ್ತಿಗೆ ಊರಿನಲ್ಲಿರಲಿಲ್ಲ. ಕೆಲವೇ ದಿನಗಳ ಹಿಂದೆ ಬೇರೊಂದು ಹುದ್ದೆಗೆ ವರ್ಗವಾಗಿ, ಹೆಂಡತಿ ಮಕ್ಕಳೊಡನೆ ಬಹುದೂರದ ವಿಸ್ಕಾನ್ಸಿನ್ ರಾಜ್ಯಕ್ಕೆ ಹೊರಟುಹೋಗಿದ್ದರು.

ಲಿಯೋಪೋಲ್ಡ್ ಹುಟ್ಟಿದ್ದು 1887ರ ಜನವರಿ 11ರಂದು, ಅಯೋವಾ ರಾಜ್ಯದ ಬರ್ಲಿಂಗ್ಟನ್ ಪಟ್ಟಣದಲ್ಲಿ, ಮಿಸಿಸಿಪ್ಪಿ ನದಿಗೆ ಅಭಿಮುಖವಾದ ದಿಬ್ಬದ ಮನೆಯಲ್ಲಿ. ತಂದೆ ಕಾರ್ಲ್ ಅವರದು ಮರದ ಮೇಜುಗಳನ್ನು ತಯಾರಿಸುವ ಕಾರ್ಖಾನೆ. ಹಿರಿಯರು ಜರ್ಮನಿಯಿಂದ ಬಂದವರು; ಬಾಲಕ ಮೊದಲು ಕಲಿತದ್ದು ಜರ್ಮನ್, ಇಂಗ್ಲಿಷು ಆಮೇಲೆ. ಮನೆಯ ಮಾತೊಂದು ಶಾಲೆಯ ಮಾತೊಂದು ಆಗಿರುವ ಗಡಿನಾಡಿನ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಆತ ಬರೆದ ಇಂಗ್ಲಿಷು ಆ ಭಾಷೆಯ ನಿಸರ್ಗಗದ್ಯದ ಮಾದರಿಯೆನಿಸಿತು. ತಂದೆ ಒಳ್ಳೆಯ ಬೇಟೆಗಾರ. ಹಕ್ಕಿಗಳು ಗೂಡಿಗೆ ಮರಳುವ ವಸಂತಕಾಲದಲ್ಲಿ ಬಾತುಗಳನ್ನು ಹೊಡೆಯಬಾರದೆಂದು, ಕಾನೂನು ತಡೆಯುವ ಮೊದಲೇ ತಮಗೆ ತಾವೇ ಕಟ್ಟು ಹಾಕಿಕೊಂಡವರು. ಬಂದೂಕು ಹಿಡಿಯುವುದನ್ನೂ ಅದನ್ನು ಕೆಳಗಿಡುವುದನ್ನೂ ಮಗ ಒಂದೇ ಗುರುವಿನಿಂದ ಕಲಿತ.

ಯೇಲ್ ವಿಶ್ವವಿದ್ಯಾಲಯದ ಅರಣ್ಯಶಾಲೆಯಿಂದ 1909ರಲ್ಲಿ ಪದವಿ ಪಡೆದು, ಅದೇ ವರ್ಷ ಅರಣ್ಯ ಇಲಾಖೆಯನ್ನು ಸೇರಿ, ಅರಿಜೋನಾ ಪ್ರಾಂತದ ಅಪಾಚೆ ರಾಷ್ಟ್ರೀಯ ಅರಣ್ಯಕ್ಕೆ ಬಂದಾಗ ಲಿಯೋಪೋಲ್ಡ್ ಅವರಿಗೆ ಇಪ್ಪತ್ತೆರಡು ವರ್ಷ. ಮರಗಳನ್ನು ಎಣಿಸಿ ಅಳೆದು ನಕ್ಷೆ ಬರೆಯುವ ತಂಡದ ಮುಂದಾಳುತನ ದೊರೆತಿತ್ತು. ಆ ವರ್ಷದ ಶರತ್ಕಾಲದಲ್ಲಿ ಒಂದು ದಿನ ಕಡಿದಾದ ಬಂಡೆಯ ಮೇಲೆ ಕುಳಿತು ಊಟ ಮಾಡುತ್ತಿದ್ದಾಗ, ಕೆಳಗೆ ಹೊಳೆಯನ್ನು ದಾಟಿ ಬಂದ ತಾಯಿತೋಳ ಮತ್ತು ಅದರ ಮರಿಗಳ ಗುಂಪು ಕಣ್ಣಿಗೆ ಬಿತ್ತು. ತಂಡದವರು ಗುಂಡಿನ ಮಳೆ ಸುರಿಸಿದರು. ತಾಯಿತೋಳ ಬಿದ್ದಿತು. ಲಿಯೋಪೋಲ್ಡ್ ಇಳಿದು ಬಂದಾಗ ಅದರ ಕಣ್ಣಿನ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಆ ನೋಟವನ್ನು ಅವರು ಬರಹಕ್ಕಿಳಿಸಿದ್ದು ಮೂವತ್ತೈದು ವರ್ಷಗಳ ಬಳಿಕ. ಆಗಂತೂ ಅದು ದಿನದ ಕೆಲಸಗಳಲ್ಲಿ ಒಂದಾಗಿತ್ತು, ಅಷ್ಟೆ.

ತೋಳ ಕಡಿಮೆಯಾದಷ್ಟೂ ಜಿಂಕೆ ಹೆಚ್ಚುತ್ತದೆ, ತೋಳವೇ ಇಲ್ಲವಾದರೆ ಅದು ಬೇಟೆಗಾರನ ಸ್ವರ್ಗ ಎಂಬ ಲೆಕ್ಕ ಆ ಕಾಲದ ವಿದ್ಯಾವಂತ ಅರಣ್ಯಾಧಿಕಾರಿಗಳೆಲ್ಲರದೂ ಆಗಿತ್ತು. ದನಗಾಹಿಗಳಿಗಂತೂ ತೋಳ ಹುಟ್ಟುವೈರಿ. ಕುರಿಹಿಂಡಿಗೆ ತೋಳ ಬೀಳುವ ಸೀಮೆಯಲ್ಲಿ ಬೆಳೆದವರಿಗೆ ಆ ಸಿಟ್ಟು ತಿಳಿಯದ್ದೇನಲ್ಲ. ಲಿಯೋಪೋಲ್ಡ್ ಈ ಲೆಕ್ಕವನ್ನು ನಂಬಿದ್ದಷ್ಟೇ ಅಲ್ಲದೆ ಅದರ ಪ್ರಚಾರಕ್ಕೂ ನಿಂತರು. 1915ರಿಂದ ನ್ಯೂ ಮೆಕ್ಸಿಕೋದ ಬೇಟೆಗಾರರ ಸಂಘಗಳನ್ನು ಕಟ್ಟಿ, ಅವುಗಳಿಗಾಗಿ ಪುಟ್ಟ ಪತ್ರಿಕೆಯೊಂದನ್ನು ಸಂಪಾದಿಸಿ, ರಾಜ್ಯದ ಕೊನೆಯ ತೋಳ, ಕೊನೆಯ ಪ್ಯೂಮಾ ಅಳಿಯುವವರೆಗೆ ಕೆಲಸ ನಿಲ್ಲಬಾರದೆಂದು ವಾದಿಸಿದರು. ಅವರ ಜೀವನಚರಿತ್ರೆಯನ್ನು ಹೇಳುವವರು ಈ ವರ್ಷಗಳನ್ನು ಮೆಲ್ಲನೆ ದಾಟಿಬಿಡುವುದುಂಟು. ಆದರೆ ಮುಂದೆ ಗಿಲಾದಲ್ಲಿ ನಡೆದದ್ದರ ಬೀಜ ಇರುವುದು ಇಲ್ಲಿಯೇ.

ನಡುವೆ 1912ರಲ್ಲಿ ಸಾಂಟಾ ಫೇಯ ಎಸ್ಟೆಲ್ಲಾ ಬರ್ಗೆರೆ ಅವರೊಡನೆ ಮದುವೆಯಾಯಿತು. ಮರುವರ್ಷವೇ, ಒಳನಾಡಿನ ಸಂಚಾರದಲ್ಲಿ ಚಳಿಮಳೆಗೆ ಸಿಕ್ಕಿ ಮೂತ್ರಪಿಂಡದ ಬಾವಿನಿಂದ ಸಾವಿನಂಚಿಗೆ ಹೋದರು. ಚೇತರಿಸಿಕೊಳ್ಳಲು ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಓದಿಗೆ ಬಿಡುವು ದೊರೆತ ಕಾಲವೆಂದರೆ ಅದು.

1919ರಲ್ಲಿ ಆಲ್ಬುಕರ್ಕಿ ನಗರದ ಕಚೇರಿಗೆ ಹಿರಿಯ ಅಧಿಕಾರಿಯಾಗಿ ಬಂದಾಗ ನೈಋತ್ಯ ವಿಭಾಗದ ಎಲ್ಲ ಅರಣ್ಯಗಳ ತಪಾಸಣೆ ಅವರ ಪಾಲಿಗೆ ಬಂತು. ಮೊದಲ ಮಹಾಯುದ್ಧ ಮುಗಿದಿತ್ತು. ಮೋಟಾರು ಕಾರು ಸಾಮಾನ್ಯರ ಕೈಗೆಟುಕತೊಡಗಿತ್ತು. ರಸ್ತೆಗೆಂದು ಸರಕಾರದ ಹಣ ಹರಿದುಬರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಾವು ಕುದುರೆಯ ಮೇಲೆ ಸುತ್ತಿದ ರಸ್ತೆಯಿಲ್ಲದ ಸೀಮೆಗಳು ಒಂದೊಂದಾಗಿ ಸೀಳಿಹೋಗುತ್ತಿದ್ದುದನ್ನು ಅವರು ಕಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಡೆನ್ವರ್ ನಗರದಲ್ಲಿ ಆರ್ಥರ್ ಕಾರ್ಹಾರ್ಟ್ ಎಂಬ ಯುವಕನ ಭೇಟಿಯಾಯಿತು. ಕೊಲೊರಾಡೋದ ಟ್ರ್ಯಾಪರ್ಸ್ ಸರೋವರದ ದಡದಲ್ಲಿ ಬಂಗಲೆಗಳಿಗೆ ನಿವೇಶನ ಗುರುತಿಸಲು ಇಲಾಖೆ ಆತನನ್ನು ಕಳುಹಿಸಿತ್ತು. ಆತ ನಿವೇಶನ ಗುರುತಿಸುವ ಬದಲು, ಇಲ್ಲಿ ಏನನ್ನೂ ಕಟ್ಟಬಾರದೆಂದು ವರದಿ ಮಾಡಿದ್ದ. ಇಬ್ಬರ ಮನಸ್ಸೂ ಒಂದೇ ಕಡೆ ಹರಿಯುತ್ತಿತ್ತು.

1921ರಲ್ಲಿ ಲಿಯೋಪೋಲ್ಡ್ ಅರಣ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ತಮ್ಮ ವಿಚಾರವನ್ನು ಮಂಡಿಸಿದರು. ವನ್ಯಪ್ರದೇಶಕ್ಕೆ ಅವರು ಕೊಟ್ಟ ಅಳತೆ ಬಹಳ ವ್ಯಾವಹಾರಿಕವಾದುದು: ಹೇರುಕುದುರೆಗಳೊಂದಿಗೆ ಹೊರಟವನು ಎರಡು ವಾರ ಸುತ್ತಾಡಲು ಸಾಕಾಗುವಷ್ಟು ಅಖಂಡವಾದ ನೆಲ, ಬೇಟೆಗೂ ಮೀನು ಹಿಡಿಯುವುದಕ್ಕೂ ತೆರೆದದ್ದು, ರಸ್ತೆ ಕಟ್ಟಡಗಳಿಲ್ಲದ್ದು. ಇಲಾಖೆಯ ತತ್ತ್ವ ಬಹುಜನರ ಬಹುಕಾಲದ ಹಿತ. ಅದನ್ನು ಅವರು ತಳ್ಳಿಹಾಕಲಿಲ್ಲ. ರಸ್ತೆ ಬಯಸುವ ಬಹುಜನರಿಗೆ ಬೇಕಾದಷ್ಟು ಕಾಡುಗಳಿವೆ, ರಸ್ತೆ ಬೇಡವೆನ್ನುವ ಕೆಲವರಿಗೂ ಒಂದು ಪಾಲಿರಲಿ ಎಂದು ಅದೇ ತತ್ತ್ವದ ಒಳಗಿನಿಂದ ವಾದ ಹೂಡಿದರು.

ಮರುವರ್ಷ ಗಿಲಾವನ್ನು ಖುದ್ದಾಗಿ ಸುತ್ತಿ ನೋಡಿ, 1922ರ ಅಕ್ಟೋಬರಿನಲ್ಲಿ ಪ್ರಸ್ತಾವ ಸಲ್ಲಿಸಿದರು. ಸುತ್ತಲೂ ಬೆಟ್ಟಗಳಿದ್ದುದರಿಂದ ಅದು ತಾನಾಗಿಯೇ ಪ್ರತ್ಯೇಕವಾಗಿತ್ತು. ಅಲ್ಲಿಯ ಮರವನ್ನು ಸಾಗಿಸುವುದು ದುಸ್ತರವಾದ್ದರಿಂದ ಬೊಕ್ಕಸಕ್ಕೆ ನಷ್ಟವೂ ಇರಲಿಲ್ಲ. ಹೊಸ ರಸ್ತೆ ಕೂಡದು, ಬಂಗಲೆಗಳಿಗೆ ಪರವಾನಗಿ ಕೂಡದು. ಬೆಂಕಿ ಆರಿಸಲು ಬೇಕಾದ ಕಾಲುದಾರಿ, ಟೆಲಿಫೋನ್ ತಂತಿ ಇರಬಹುದು. ಮೊದಲಿನಿಂದ ದನ ಮೇಯಿಸುವವರ ಹಕ್ಕು ಮುಂದುವರಿಯಬಹುದು. ಅಪಾರ ಕನಸೊಂದನ್ನು ಇಷ್ಟು ಸಪ್ಪೆಯಾದ ಕಚೇರಿಯ ಭಾಷೆಯಲ್ಲಿ ಅಡಗಿಸಿದ್ದು ಅವರ ಜಾಣ್ಮೆಯೇ ಸರಿ. ಕಡತ ಪಾಸಾದದ್ದಕ್ಕೆ ಅದೂ ಒಂದು ಕಾರಣವಿದ್ದೀತು.

ಈ ಯೋಜನೆಯಲ್ಲಿ ಬಾರದ ಸಂಗತಿಗಳೂ ಇದ್ದವು. ಗಿಲಾದ ಬಂಡೆಗುಹೆಗಳಲ್ಲಿ ಹದಿಮೂರನೆಯ ಶತಮಾನದ ಮೊಗೊಯೋನ್ ಜನರ ಮನೆಗಳ ಗೋಡೆಗಳು ಇಂದಿಗೂ ನಿಂತಿವೆ. ಆಮೇಲೆ ಅದು ಅಪಾಚೆಗಳ ನಾಡು. ಅವರ ನಾಯಕ ಜೆರೊನಿಮೋ ಸೈನ್ಯಕ್ಕೆ ಶರಣಾದದ್ದು 1886ರಲ್ಲಿ, ಲಿಯೋಪೋಲ್ಡ್ ಹುಟ್ಟುವುದಕ್ಕೆ ನಾಲ್ಕು ತಿಂಗಳ ಮುಂಚೆ. ನಿರ್ಜನವಾಗಿ ಕಂಡ ಆ ನೆಲದಿಂದ ಜನರನ್ನು ತೆರವುಗೊಳಿಸಿ ನಲವತ್ತು ವರ್ಷವೂ ಆಗಿರಲಿಲ್ಲ. ಯೋಜನೆ ಕಾಣದೆಹೋದ ಇನ್ನೊಂದು ಸಂಗತಿ ತೋಳ. ರಸ್ತೆಯಿಂದ ಕಾಡಿಗೆ ಬರುವ ಕೇಡನ್ನು ಕಂಡವರಿಗೆ ತೋಳವಿಲ್ಲದ ಕಾಡಿಗೆ ಬರುವ ಕೇಡು ಕಾಣಲಿಲ್ಲ.

ಅದು ಕಾಣಿಸಿಕೊಳ್ಳಲು ಬಹುಕಾಲ ಬೇಕಾಗಲಿಲ್ಲ. ತೋಳಗಳು ಅಳಿದು ಪ್ಯೂಮಾಗಳು ವಿರಳವಾದ ಮೇಲೆ 1920ರ ದಶಕದ ಕೊನೆಗೆ ಗಿಲಾದಲ್ಲಿ ಜಿಂಕೆಗಳು ಮಿತಿಮೀರಿ ಬೆಳೆದವು. ಪೊದೆ ಸಸಿಗಳನ್ನೆಲ್ಲ ಮೇಯ್ದು ನೆಲವನ್ನು ಬೋಳುಮಾಡಿದವು. ಜಿಂಕೆಗಳನ್ನು ಕಡಿಮೆ ಮಾಡಬೇಕು. ತೋಳವಿಲ್ಲವಾದ್ದರಿಂದ ಆ ಕೆಲಸವನ್ನು ಬೇಟೆಗಾರರೇ ಮಾಡಬೇಕು. ಬೇಟೆಗಾರರು ಕಾಡಿನ ನಡುವಿಗೆ ತಲುಪಬೇಕಾದರೆ ರಸ್ತೆ ಬೇಕು. 1930ರ ದಶಕದ ಆರಂಭದಲ್ಲಿ ಅರಣ್ಯ ಇಲಾಖೆ ನಾರ್ತ್ ಸ್ಟಾರ್ ಎಂಬ ರಸ್ತೆಯನ್ನು ವನ್ಯಪ್ರದೇಶದ ನಡುವೆಯೇ ತೆರೆದು ಅದನ್ನು ಇಬ್ಭಾಗ ಮಾಡಿತು. ಯೋಜನೆಯು ಕೇವಲ ಇಲಾಖೆಯ ಆದೇಶವಾಗಿದ್ದುದರಿಂದ ತಡೆಯುವ ಕಾನೂನೂ ಇರಲಿಲ್ಲ. ಒಬ್ಬ ಅಧಿಕಾರಿ ಎಳೆದ ಗೆರೆಯನ್ನು ಮುಂದಿನವನು ಅಳಿಸಬಹುದಿತ್ತು.

ಆ ವೇಳೆಗೆ ಲಿಯೋಪೋಲ್ಡ್ ಇಲಾಖೆಯನ್ನು ಬಿಟ್ಟಿದ್ದರು. 1933ರಲ್ಲಿ ಬೇಟೆಪ್ರಾಣಿಗಳ ನಿರ್ವಹಣೆಯನ್ನು ಕುರಿತ ಅವರ ಪಠ್ಯಗ್ರಂಥ ಹೊರಬಂತು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರನ್ನು ಆ ವಿಷಯದ ಪ್ರಾಧ್ಯಾಪಕರನ್ನಾಗಿ ನೇಮಿಸಿಕೊಂಡಿತು. 1935ರಲ್ಲಿ ರಾಬರ್ಟ್ ಮಾರ್ಷಲ್ ಮೊದಲಾದವರೊಂದಿಗೆ ವನ್ಯಪ್ರದೇಶಗಳ ರಕ್ಷಣೆಗೆ ಒಂದು ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಆ ವರ್ಷವೇ ಹಿರಿಯರ ನಾಡಾದ ಜರ್ಮನಿಗೆ ಹೋದಾಗ, ಸಾಲುಹಿಡಿದು ನಿಂತ ಒಂದೇ ಜಾತಿಯ ಮರಗಳ ಅಡಿಯಲ್ಲಿ ಹುಲ್ಲುಗಿಡವಿಲ್ಲದ ನೆಲವನ್ನೂ, ಮನುಷ್ಯರು ಮೇವು ಹಾಕಿ ಸಾಕುತ್ತಿದ್ದ ಜಿಂಕೆಗಳನ್ನೂ ಕಂಡರು. ಮುಂದಿನ ಎರಡು ವರ್ಷಗಳಲ್ಲಿ ಮೆಕ್ಸಿಕೋದ ಗವಿಲಾನ್ ನದಿಯ ಕಣಿವೆಗೆ ಬೇಟೆಗೆಂದು ಹೋದರು. ಗಿಲಾದಂತಹುದೇ ಬೆಟ್ಟಸೀಮೆ. ಅಲ್ಲಿ ತೋಳಗಳಿದ್ದವು, ಪ್ಯೂಮಾಗಳಿದ್ದವು, ಜಿಂಕೆಗಳೂ ಹದವಾಗಿದ್ದವು. ಹೊಳೆಯ ನೀರು ತಿಳಿಯಾಗಿತ್ತು, ದಡ ಕುಸಿದಿರಲಿಲ್ಲ. ಇದುವರೆಗೆ ತಾವು ಚಿಕಿತ್ಸೆ ನೀಡಲು ಹೊರಟಿದ್ದ ನೆಲವೆಲ್ಲ ಕಾಯಿಲೆಯದು, ಆರೋಗ್ಯವಂತ ನೆಲ ಹೇಗಿರುತ್ತದೆಂಬುದನ್ನೇ ನೋಡಿರಲಿಲ್ಲ ಎಂಬ ಅರಿವು ಅವರಿಗಾಯಿತು. ಆ ಬಳಿಕ ವನ್ಯಪ್ರದೇಶದ ಅರ್ಥ ಅವರ ಬರಹದಲ್ಲಿ ಬದಲಾಗುತ್ತದೆ. ಎರಡು ವಾರದ ಬೇಟೆಯ ಬಯಲಾಗಿದ್ದದ್ದು, ಉಳಿದ ನೆಲದ ರೋಗವನ್ನು ಅಳೆಯಲು ಬೇಕಾದ ಆರೋಗ್ಯದ ಮಾನದಂಡವಾಗುತ್ತದೆ.

ತಮ್ಮ ಪ್ರಬಂಧಗಳನ್ನು ಪುಸ್ತಕವಾಗಿ ತರುವ ಸಿದ್ಧತೆ 1940ರ ದಶಕದಲ್ಲಿ ನಡೆಯಿತು. ಚಿತ್ರ ಬರೆಯಬೇಕಾಗಿದ್ದವರು ಅವರ ಹಿಂದಿನ ಶಿಷ್ಯ ಆಲ್ಬರ್ಟ್ ಹೋಖ್‌ಬಾಮ್. ಹಸ್ತಪ್ರತಿಯನ್ನು ಓದಿದ ಶಿಷ್ಯನಿಗೆ ಗುರುವಿನ ಧ್ವನಿ ಒಪ್ಪಿಗೆಯಾಗಲಿಲ್ಲ: ಊರಿಗೆಲ್ಲ ಬುದ್ಧಿ ಹೇಳುವಾತ ತೋಳಗಳನ್ನು ಕೊಂದವರ ಸಾಲಿನಲ್ಲಿ ತಾನೂ ಇದ್ದುದನ್ನು ಮುಚ್ಚಿಡುವುದೇಕೆ ಎಂಬುದು ಆತನ ಪತ್ರಗಳ ಆಕ್ಷೇಪ. ಲಿಯೋಪೋಲ್ಡ್ ಮೊದಮೊದಲು ಹಿಂಜರಿದರು. ಕೊನೆಗೆ 1944ರ ಏಪ್ರಿಲಿನಲ್ಲಿ, ಅಪಾಚೆ ಅರಣ್ಯದ ಆ ತಾಯಿತೋಳದ ಸಾವನ್ನು ಕುರಿತು ಪುಟ್ಟ ಪ್ರಬಂಧವೊಂದನ್ನು ಬರೆದರು. ಅವರ ಬರಹಗಳಲ್ಲೆಲ್ಲ ಹೆಚ್ಚು ಓದಲ್ಪಡುವುದು ಇಂದಿಗೂ ಅದೇ. ಶಿಷ್ಯನೊಬ್ಬ ಹಟ ಹಿಡಿಯದಿದ್ದರೆ ಅದು ಹುಟ್ಟುತ್ತಿತ್ತೇ ಎಂಬುದು ಸಂದೇಹ.

ಆ ವರ್ಷಗಳಲ್ಲಿ ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿ ಅವರು ಕೊಂಡಿದ್ದ ಬರಡು ಹೊಲದಲ್ಲಿ ಕುಟುಂಬದವರೆಲ್ಲ ಸೇರಿ ಪ್ರತಿ ವಸಂತದಲ್ಲಿ ಸಾವಿರಾರು ಪೈನ್ ಸಸಿಗಳನ್ನು ನೆಡುತ್ತಿದ್ದರು. ಬರಗಾಲದಲ್ಲಿ ಬಹುಪಾಲು ಸಾಯುತ್ತಿದ್ದವು, ಮತ್ತೆ ನೆಡುತ್ತಿದ್ದರು. ಅಲ್ಲಿದ್ದ ಕೋಳಿಗೂಡನ್ನೇ ರಿಪೇರಿ ಮಾಡಿಕೊಂಡು ವಾರದ ಕೊನೆಗೆ ತಂಗುತ್ತಿದ್ದರು. 1948ರ ಏಪ್ರಿಲಿನಲ್ಲಿ ಆಕ್ಸ್‌ಫರ್ಡ್ ಪ್ರಕಾಶನ ಪುಸ್ತಕವನ್ನು ಸ್ವೀಕರಿಸಿದ ಸುದ್ದಿ ಬಂತು. ಒಂದು ವಾರದ ಬಳಿಕ, 21ರಂದು, ನೆರೆಯವರ ಹುಲ್ಲುಗಾವಲಿಗೆ ಬಿದ್ದ ಬೆಂಕಿಯನ್ನು ಆರಿಸಲು ಹೋದ ಲಿಯೋಪೋಲ್ಡ್ ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. ಪುಸ್ತಕವನ್ನು ಮಗ ಲೂನಾ ಅಚ್ಚಿಗೆ ಸಿದ್ಧಪಡಿಸಿದರು, 1949ರಲ್ಲಿ ಪ್ರಕಟವಾಯಿತು.

ವನ್ಯಪ್ರದೇಶಗಳಿಗೆ ಕಾನೂನಿನ ಬಲ ಬಂದದ್ದು 1964ರಲ್ಲಿ. ಅಂದಿನಿಂದ ಗಿಲಾದ ಗಡಿಯನ್ನು ಅಧಿಕಾರಿಗಳು ಬದಲಿಸುವಂತಿಲ್ಲ. ಆ ಅಧಿಕಾರ ಸಂಸತ್ತಿನದು. ನಾರ್ತ್ ಸ್ಟಾರ್ ರಸ್ತೆಯಿಂದಾಗಿ ಬೇರ್ಪಟ್ಟ ಪೂರ್ವದ ತುಂಡಿಗೆ 1980ರಲ್ಲಿ ಪ್ರತ್ಯೇಕ ರಕ್ಷಣೆ ದೊರೆತು, ಲಿಯೋಪೋಲ್ಡ್ ಅವರ ಹೆಸರನ್ನೇ ಇಟ್ಟರು. ಎರಡರ ನಡುವೆ ಆ ಮಣ್ಣುರಸ್ತೆ ಈಗಲೂ ಇದೆ. 1998ರ ಮಾರ್ಚ್‌ನಲ್ಲಿ, ಬೋನಿನಲ್ಲಿ ಸಾಕಿ ಬೆಳೆಸಿದ ಹನ್ನೊಂದು ಮೆಕ್ಸಿಕನ್ ತೋಳಗಳನ್ನು ಸರಕಾರ ಅರಿಜೋನಾದ ಕಾಡಿಗೆ ಬಿಟ್ಟಿತು. ಬಿಟ್ಟದ್ದು ಅಪಾಚೆ ರಾಷ್ಟ್ರೀಯ ಅರಣ್ಯದಲ್ಲಿ.